ನೀರಡಿಯ ಪರಸಿ

ಮೇ ತಿಂಗಳ ಕಲಬುರಗಿ. ಟಾಕಿಯ ನೀರು
ಬೆಳಗಿನ ಏಳಕ್ಕೇ ಚಹಾಕ್ಕೆ ಸಿದ್ಧ.
ಬೆಚ್ಚನೆಯ ನೀರಲ್ಲಿ ಇಲಿಗೆ ಅವಸರವಿಲ್ಲ,
ಸುಮ್ಮನೆ ತೇಲುತ್ತದೆ, ಪರೀಕ್ಷೆ ಮುಂದೆ ಹೋದ ಹುಡುಗರಂತೆ.
ಅದಕ್ಕೇ ಸಾಯಬಣ್ಣ ಸೈಕಲ್ ಕ್ಯಾರಿಯರಿಗೆ
ಗೋಣಿತಟ್ಟು ಸುತ್ತಿದ ಬರ್ಫು ಕಟ್ಟಿಕೊಂಡು ಬರುತ್ತಾನೆ:
ಅರ್ಧ ರಸ್ತೆಗೆ, ಅರ್ಧ ನಮ್ಮ ಪ್ರಯೋಗಕ್ಕೆ.

ನೀಲಿ ತೊಟ್ಟಿ, ಹಾಲಿನಪುಡಿ ಕದಡಿದ ನೀರು,
ಎರಡು ಬೆರಳು ಕೆಳಗೆ
ಯಾರ ಕಣ್ಣಿಗೂ ಬೀಳದ ಒಂದು ಶಹಾಬಾದ್ ಪರಸಿ.
ನನ್ನ ಇಡೀ ಪ್ರಬಂಧ ನಿಂತಿರುವುದು ಅದರ ಮೇಲೆ.

ಗೋಡೆಗೆ ಕಪ್ಪು ತ್ರಿಕೋನ, ಬಕೆಟ್ಟಿನ ಕೆಂಪು ಮುಚ್ಚಳ,
ದಾಲ್ ಮಿಲ್ಲಿನ ಕ್ಯಾಲೆಂಡರು.
ಇವನ್ನೇ ಓದಿಕೊಂಡು ಐದು ದಿನದಲ್ಲಿ ಇಲಿ ಕಲಿಯುತ್ತದೆ
ಕಾಲಿಗೆ ನೆಲ ಎಲ್ಲಿ ಸಿಗುತ್ತದೆಂದು.
ಮೊದಲ ದಿನ ಎಪ್ಪತ್ತು ಸೆಕೆಂಡು, ಐದನೆಯ ದಿನ ಒಂಬತ್ತು.
ನಡುವೆ ಒಂದನೇ ತಾರೀಖು ಸಾಯಬಣ್ಣ ಹಾಳೆ ಹರಿದುಬಿಟ್ಟ.
ದೇವಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಎಂಟು ಇಲಿ ದಿಕ್ಕು ತಪ್ಪಿದವು.
ಆ ವಾರವನ್ನು ನಾನು ಎಲ್ಲೂ ಬರೆದಿಲ್ಲ.

ಆರನೆಯ ದಿನ ಲಿಗ್ನೋಕೇನ್.
ನೆತ್ತಿಯ ಸಣ್ಣ ಕೊಳವೆಯಿಂದ, ಹನಿಯೂ ಅಲ್ಲದ ಒಂದು ಹನಿ,
ಕಡಲಕುದುರೆಯ ಹೆಸರಿನ ಆ ಮಡಿಕೆಯೊಳಗೆ.
ಹಲ್ಲು ಕೀಳುವಾಗ ವಸಡಿಗೆ ಕೊಡುವುದೂ ಇದೇ.
ಹದಿನಾಲ್ಕನೇ ನಂಬರಿನದು ನೀರಿಗಿಳಿಯಿತು,
ಅಂಚಿಗುಂಟ ಸುತ್ತಿತು, ಮತ್ತೆ ಸುತ್ತಿತು,
ನಿನ್ನೆಯ ಒಂಬತ್ತು ಸೆಕೆಂಡಿನ ಜಾಣ
ಪರಸಿಯ ಪಕ್ಕದಲ್ಲೇ ಹಾಯ್ದು ಹೋಯಿತು
ತನ್ನದೇ ಓಣಿಯಲ್ಲಿ ವಿಳಾಸ ಕೇಳುವವರಂತೆ.
"ಮರ್ತದೇನ್ರಿ, ಮೇಡಂ?"
ಗಡಿಯಾರ ನಿಲ್ಲಿಸಿದೆ. ಉತ್ತರಿಸಲಿಲ್ಲ.

ಮರುದಿನ ಮದ್ದಿಲ್ಲದೆ ಬಿಟ್ಟೆವು. ಹತ್ತು ಸೆಕೆಂಡು.
ಹಾಗಾದರೆ ನೆನಪು ಒಳಗೇ ಇತ್ತು, ಕದ ಹಾಕಿಕೊಂಡು.
ಆದರೆ ಕಲಿತ ಕೂಡಲೇ ಮದ್ದು ಕೊಟ್ಟ ಇನ್ನೊಂದು ಗುಂಪಿಗೆ
ತೆರೆಯಲು ಕದವೇ ಇರಲಿಲ್ಲ.
ಹಸಿ ಗಿಲಾವಿನ ಮೇಲೆ ಬರೆದದ್ದು ಒಣಗುವ ಮೊದಲೇ
ಯಾರೋ ಕೈಯಾಡಿಸಿದ್ದರು.
ಯಾರೋ ಏನು, ನಾನೇ.

ಆ ಮಧ್ಯಾಹ್ನ ಕರೆಂಟು ಹೋಗಿ, ಕತ್ತಲಲ್ಲಿ ಪಂಜರ ತೊಳೆಯುವಾಗ
ಹದಿನಾಲ್ಕು ಸಾಯಬಣ್ಣನ ಹೆಬ್ಬೆರಳು ಕಚ್ಚಿತು, ಎಲುಬಿನ ತನಕ.
ಕ್ಯಾಜುವಾಲ್ಟಿಯಲ್ಲಿ ಮೂರು ಹೊಲಿಗೆ. ಸಿರಿಂಜಿಗೆ ಎಳೆದದ್ದು
ಅದೇ ಮದ್ದು, ಅದೇ ಕಂಪನಿ, ಅದೇ ಕೆಂಪು ಬಿರಡೆ.
ಬೇರೊಬ್ಬರದೆಂಬಂತೆ ಬೆರಳೆತ್ತಿ ನೋಡಿ ನಕ್ಕ:
"ಬೆರಳಿಗಿ ಏನೂ ಗೊತ್ತಾಗವಲ್ದು ನೋಡ್ರಿ.
ನನಗಂತೂ ಎಲ್ಲಾ ನೆನಪದ."
ಹೊರಗೆ ಬಂದ ಮೇಲೆ, ಮೆಲ್ಲಗೆ:
"ದಿನಾ ಕಾಳು ಹಾಕವ ನಾನೇ ಅಲ್ರೀ.
ನನ್ನ ಗುರ್ತೂ ಅಳಿಸ್ತೇನು ನಿಮ್ಮ ಔಷಧದಾಗ?"

ಇಲ್ಲ, ಇಪ್ಪತ್ತು ನಿಮಿಷಕ್ಕೆ ಇಳಿದುಹೋಗುತ್ತದೆ ಎಂದೆ
ಪುಸ್ತಕದಲ್ಲಿದ್ದಷ್ಟೇ ಖಚಿತವಾಗಿ.
ಕಾಳು ಹಾಕುವ ಕೈಯ ವಾಸನೆಯನ್ನು ಇಲಿ ಎಲ್ಲಿಟ್ಟುಕೊಳ್ಳುತ್ತದೆ?
ನನ್ನ ಪಟ್ಟಿಯಲ್ಲಿ ಆ ಕಾಲಮ್ಮಿಲ್ಲ.

ಸೋಮವಾರ ಕೊನೆಯ ಸರದಿ.
ಕೊಳವೆಯ ತುದಿ ಸರಿಯಾದ ಜಾಗದಲ್ಲಿತ್ತೇ ಎಂದು ನೋಡಲು
ಮಿದುಳನ್ನು ತೆಳ್ಳಗೆ ಕೊಯ್ಯಬೇಕು.
ಅದಕ್ಕೆ ಬೇರೆ ಮದ್ದು, ಪೂರ್ತಿ ಮಲಗಿಸುವಂಥದ್ದು.
ಹದಿನಾಲ್ಕನ್ನು ಸಾಯಬಣ್ಣನೇ ಹಿಡಿದ.
ಅದು ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಬಹಳ ಹೊತ್ತು ಮೂಸಿತು.
ಕಚ್ಚಲಿಲ್ಲ.
ತುದಿ ಸರಿಯಾದ ಜಾಗದಲ್ಲಿತ್ತು.

ನೀರನ್ನೆಲ್ಲ ಬೇವಿನ ಬುಡಕ್ಕೆ ಚೆಲ್ಲಿದ ಮೇಲೆ
ಬರಿದಾದ ತೊಟ್ಟಿಯಲ್ಲಿ ಪರಸಿ. ಎಷ್ಟು ಚಿಕ್ಕದು, ಒಂದು ಅಂಗೈ.
"ಇದನ್ನ ಮನಿಗಿ ಒಯ್ಲೇನ್ರಿ?
ಬಚ್ಚಲದಾಗ ಕಾಲು ತಿಕ್ಲಾಕ ಆಗ್ತದ."
ಒಯ್ಯಿ, ಎಂದೆ.